ಭೀಮವರಂ ಕೆರೆಗಳು, ನಮ್ಮೂರ ಗಜನಿ

ನಮ್ಮ ಟೀಮಿನಲ್ಲಿ ಭೀಮವರಂನ ಹುಡುಗನೊಬ್ಬನಿದ್ದಾನೆ. ಅವನು ಊರಿಂದ ಸಿಗಡಿ ಉಪ್ಪಿನಕಾಯಿ ತಂದ ದಿನ ಮಧ್ಯಾಹ್ನದ ಮೀಟಿಂಗ್ ಯಾವುದೂ ಸರಿಯಾದ ಸಮಯಕ್ಕೆ ಶುರುವಾಗುವುದಿಲ್ಲ. "ಅಣ್ಣಾ, ಒಂದು ಸಲ ಊರಿಗೆ ಬನ್ನಿ, ಕೆರೆ ತೋರಿಸುತ್ತೇನೆ" ಎಂದು ಮೂರು ವರ್ಷದಿಂದ ಕರೆಯುತ್ತಲೇ ಇದ್ದ. ಹೈದರಾಬಾದಿನಲ್ಲಿ ಇಷ್ಟು ವರ್ಷ ಇದ್ದು ಗೋದಾವರಿ ಸೀಮೆ ನೋಡಿಲ್ಲ ಎಂದರೆ ಅವನಿಗೆ ಅದೊಂದು ಅವಮಾನದ ಹಾಗೆ. ಕಳೆದ ಡಿಸೆಂಬರಿನ ಕ್ರಿಸ್‌ಮಸ್ ರಜೆಗೆ ಕೊನೆಗೂ ಹೊರಟೆ. ಹೊರಡಲು ನನಗೆ ನನ್ನದೇ ಆದ ಇನ್ನೊಂದು ಕಾರಣವೂ ಇತ್ತು. ಅವನಿಗೆ ಅದನ್ನು ಹೇಳಿರಲಿಲ್ಲ.

ಲಿಂಗಂಪಲ್ಲಿಯಲ್ಲಿ ರಾತ್ರಿ ನರಸಾಪುರ ಎಕ್ಸ್‌ಪ್ರೆಸ್ ಹತ್ತಿ ಮಲಗಿದೆವು. ಬೆಳಕು ಹರಿಯುವ ಹೊತ್ತಿಗೆ ರೈಲು ಕೈಕಲೂರು ದಾಟಿ ಆಕಿವೀಡಿನ ಕಡೆ ಹೋಗುತ್ತಿತ್ತು. ಕಿಟಕಿಯ ಎರಡೂ ಕಡೆ ನೀರೇ ನೀರು. ಇದು ಕೊಲ್ಲೇರು ಸರೋವರದ ಸೀಮೆ. ಕೃಷ್ಣಾ ಮತ್ತು ಗೋದಾವರಿ ಮುಖಜಭೂಮಿಗಳ ನಡುವಿನ ಈ ಸಿಹಿನೀರಿನ ಸರೋವರ 1999ರಿಂದ ಅಭಯಾರಣ್ಯ, 2002ರಿಂದ ರಾಮ್ಸರ್ ತಾಣ. ಆದರೆ ನನಗೆ ಕಂಡದ್ದು ಸರೋವರವಲ್ಲ, ಚೌಕಚೌಕವಾಗಿ ಏರಿ ಕಟ್ಟಿದ ಕೆರೆಗಳು. ರೋಹು, ಕಾಟ್ಲಾ ಸಾಕುವ ಮೀನಿನ ಕೆರೆಗಳು ಇವು. ಭೀಮವರಂ ಹತ್ತಿರ ಬಂದಂತೆ ಕೆರೆಗಳು ಚಿಕ್ಕವಾದವು, ನೀರಿನ ಮೇಲೆ ಚಕ್ರಗಳು ತಿರುಗತೊಡಗಿದವು. ನೀರಿಗೆ ಗಾಳಿ ಬೆರೆಸುವ ಏರಿಯೇಟರ್‌ಗಳು. "ಅಲ್ಲಿಂದ ಈಚೆಗೆ ರೊಯ್ಯ" ಎಂದ ಗೆಳೆಯ. ರೊಯ್ಯ ಅಂದರೆ ತೆಲುಗಿನಲ್ಲಿ ಸಿಗಡಿ. ನಮ್ಮ ಕಡೆ ಶೆಟ್ಲಿ.

ನಮ್ಮ ಕಡೆ ಅಂದರೆ ಕುಮಟಾ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಜಾಗ. ಅಲ್ಲಿ ಹೊಳೆಯಂಚಿನ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನು, ಶೆಟ್ಲಿ ಮರಿಗಳೂ ಬಂದು ಕೂಳೆಯ ನಡುವೆ ದೊಡ್ಡದಾಗುತ್ತವೆ. ಅದು ಹಳೆಯ ಪದ್ಧತಿ. ತೊಂಬತ್ತರ ದಶಕದಲ್ಲಿ ಟೈಗರ್ ಸಿಗಡಿಗೆ ರಫ್ತಿನ ಬೆಲೆ ಬಂದಾಗ ಹಲವರು ಹ್ಯಾಚರಿಯಿಂದ ಮರಿ ತಂದು ಬಿಟ್ಟರು. ನಮ್ಮ ಅಪ್ಪನೂ ಬಿಟ್ಟರು. ಸಾಲ ಮಾಡಿದ್ದರು. ಆಗ ನಾನು ಮೂರನೇ ಕ್ಲಾಸು.

ಮೊದಲ ಬೆಳೆ ಚೆನ್ನಾಗಿ ಬಂತು. ಮನೆಗೆ ಕಲರ್ ಟಿವಿ ಬಂತು. ಎರಡನೇ ಬೆಳೆಯಲ್ಲಿ ಒಂದು ಬೆಳಿಗ್ಗೆ ಸಿಗಡಿಗಳು ದಂಡೆಗೆ ಬಂದು ನಿಧಾನವಾಗಿ ಈಜತೊಡಗಿದವು. ಚಿಪ್ಪಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು. ಅಪ್ಪ ಪೇಟೆಗೆ ಹೋಗಿ ಕೈಚೀಲದ ತುಂಬ ಬಾಟಲಿ, ಪುಡಿ ತಂದರು. ಮೇವಿಗೆ ಕಲೆಸಿ ಹಾಕಿದರು. ಒಂದು ವಾರದೊಳಗೆ ಎಲ್ಲಾ ಸತ್ತವು. ಭೀಮವರಂಗೆ ಹೋಗಲು ನನಗಿದ್ದ ಕಾರಣ ಇದು. ಸುಮಾರು ಮೂವತ್ತು ವರ್ಷ ಆಯಿತಲ್ಲ, ಈಗಲಾದರೂ ಅದಕ್ಕೊಂದು ಮದ್ದು ಬಂದಿರಬೇಕು, ಏನು ಮದ್ದು ಎಂದು ನೋಡಬೇಕಿತ್ತು.

ಗೆಳೆಯನ ಚಿಕ್ಕಪ್ಪ, ಎಲ್ಲರಿಗೂ ಬಾಬಾಯಿ, ಸ್ಟೇಷನ್ನಿಗೇ ಬಂದಿದ್ದರು. ಐವತ್ತೈದರ ಆಸುಪಾಸು, ಬಿಳಿ ಪಂಚೆ, ಎರಡು ಫೋನು. ಇಡ್ಲಿ ತಿನ್ನಿಸಿ ನೇರ ಕೆರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಗಮನಿಸಿದ್ದು ಅಂಗಡಿಗಳನ್ನು. ನಮ್ಮಲ್ಲಿ ಮೊಬೈಲ್ ಅಂಗಡಿಗಳು ಹೇಗೋ ಹಾಗೆ ಇಲ್ಲಿ ಆಕ್ವಾ ಅಂಗಡಿಗಳು. ಮೇವು, ಖನಿಜ, ಪ್ರೊಬಯಾಟಿಕ್, ಏರಿಯೇಟರ್ ರಿಪೇರಿ. ನಡುನಡುವೆ ಲ್ಯಾಬುಗಳು: ನೀರಿನ ಪರೀಕ್ಷೆ, ಪಿಸಿಆರ್ ಪರೀಕ್ಷೆ. ನಾವೆಲ್ಲ 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಪಿಸಿಆರ್ ಎಂಬ ಪದ ಕಲಿತವರು. ಇಲ್ಲಿ ಶಾಲೆಗೆ ಹೋಗದ ರೈತರೂ ಅದಕ್ಕಿಂತ ಎಷ್ಟೋ ಮೊದಲು "ಪಿಸಿಆರ್ ನೆಗೆಟಿವ್ ಮರಿ ಕೊಡಿ" ಎಂದು ಹ್ಯಾಚರಿಯವರ ಜೊತೆ ಚೌಕಾಸಿ ಮಾಡುತ್ತಿದ್ದರಂತೆ.

ಕೆರೆಯ ಸುತ್ತ ಮೊಣಕಾಲೆತ್ತರದ ನೀಲಿ ಪ್ಲಾಸ್ಟಿಕ್ ಬೇಲಿ. ಅದು ಏಡಿ ಬರದಿರಲಿ ಎಂದು. ಮೇಲೆ ದಾರಗಳ ಬಲೆ. ಅದು ಹಕ್ಕಿಗೆ. ಒಳಗೆ ಹೋಗುವ ಮೊದಲು ಕಾಲನ್ನು ಒಂದು ತೊಟ್ಟಿಯ ನೀರಿನಲ್ಲಿ ಅದ್ದಬೇಕು. ನಾನು ದೇವಸ್ಥಾನದ ಲೆಕ್ಕದಲ್ಲಿ ಸುಮ್ಮನೆ ತುದಿ ಮುಟ್ಟಿಸಿದೆ. ಬಾಬಾಯಿ ನಗಲಿಲ್ಲ. "ಪೂರ್ತಿ ಅದ್ದಿ" ಎಂದರು.

ಕೆರೆಯೊಳಗಿನ ತಟ್ಟೆಬಲೆ ಎತ್ತಿ ತೋರಿಸಿದರು. ಗಾಜಿನಂಥ ಸಿಗಡಿಗಳು ಚಿಮ್ಮಿದವು. ಇವು ವನಾಮಿ. ಪೆಸಿಫಿಕ್ ಕಡಲಿನ ಈ ತಳಿಯನ್ನು ದೊಡ್ಡ ಪ್ರಮಾಣದಲ್ಲಿ ಸಾಕಲು ಸರ್ಕಾರ 2009ರಲ್ಲಿ ಅನುಮತಿ ಕೊಟ್ಟ ಮೇಲೆ ನಮ್ಮ ಟೈಗರ್ ಸಿಗಡಿ ಬಹುತೇಕ ಕಡೆ ಮೂಲೆ ಸೇರಿತು. ವನಾಮಿಗೆ ಬಿಳಿ ಚುಕ್ಕೆ ರೋಗ ಬರುವುದಿಲ್ಲ ಎಂದೇನಲ್ಲ, ಬಂದರೆ ಇದೂ ಸಾಯುತ್ತದೆ. ಆದರೆ ಇದರ ತಾಯಿ ಸಿಗಡಿಗಳನ್ನು ಪೀಳಿಗೆಗಳಿಂದ ನಿರ್ದಿಷ್ಟ ರೋಗಾಣುಗಳಿಲ್ಲದಂತೆ ಬೆಳೆಸಿರುತ್ತಾರೆ. ವಿದೇಶದಿಂದ ವಿಮಾನದಲ್ಲಿ ಬಂದ ತಾಯಿ ಸಿಗಡಿಗಳು ಚೆನ್ನೈನ ನೀಲಾಂಕರೈ ಕ್ವಾರಂಟೈನ್ ಕೇಂದ್ರದಲ್ಲಿ ಪರೀಕ್ಷೆ ಮುಗಿಸಿಯೇ ಹ್ಯಾಚರಿಗೆ ಹೋಗಬೇಕು. ಚೆನ್ನೈ ಕನ್ನಡಿಗರು ಈಸಿಆರ್ ರಸ್ತೆಯಲ್ಲಿ ಪುದುಚೇರಿಗೆ ಹೋಗುವಾಗ ಇದರ ಹತ್ತಿರವೇ ಹಾದು ಹೋಗಿರುತ್ತೀರಿ.

"ಬಾಬಾಯಿ, ತೆಲ್ಲ ಮಚ್ಚಲು ಬಂದರೆ ಏನು ಮದ್ದು ಹಾಕುತ್ತೀರಿ?" ಎಂದು ಕೇಳಿದೆ.

"ಮಂದು ಲೇದು" ಎಂದರು. ಮದ್ದಿಲ್ಲ. ಅಷ್ಟೇ ಹೇಳಿ ಪಂಪ್‌ಸೆಟ್ ನೋಡಲು ಹೋದರು.

ನನಗೆ ನಂಬಿಕೆಯಾಗಲಿಲ್ಲ. ದಾರಿಯಲ್ಲಿ ಅಷ್ಟು ಅಂಗಡಿ ನೋಡಿದ್ದೇನಲ್ಲ. ಸಂಜೆ ಗೆಳೆಯನನ್ನು ಕರೆದುಕೊಂಡು ಅವನ ಪರಿಚಯದ ಒಂದು ಅಂಗಡಿಗೆ ಹೋದೆ. ಗೋಡೆಯ ತುಂಬ ಬಾಟಲಿ. ಹುಲಿ, ಗುರಾಣಿ, ಖಡ್ಗದ ಚಿತ್ರಗಳು. ಅಂಗಡಿಯವನು ಮೀನುಗಾರಿಕೆ ಓದಿದವನು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಪ್ರಾಮಾಣಿಕವಾಗಿ ಮಾತಾಡಿದ. "ಇದು ವಿಟಮಿನ್ ಸಿ. ಇದು ಖನಿಜ. ಇದು ಅಯೋಡಿನ್, ನೀರಿನ ಕ್ರಿಮಿ ಸಾಯಲಿಕ್ಕೆ. ಇದು ಬೆಳ್ಳುಳ್ಳಿ ಸಾರ. ಎಲ್ಲದಕ್ಕೂ ಅದರದರ ಉಪಯೋಗ ಇದೆ. ಆದರೆ ಸಿಗಡಿಯ ಮೈಯೊಳಗೆ ಹೊಕ್ಕ ವೈರಸ್ ಕೊಲ್ಲುವ ಬಾಟಲಿ ಇಲ್ಲಿ ಒಂದೂ ಇಲ್ಲ." ಹಾಗಾದರೆ ರೋಗ ಬಂದವರಿಗೆ ಯಾಕೆ ಮಾರುತ್ತೀರಿ ಎಂದೆ. "ಏನೂ ಇಲ್ಲ ಎಂದರೆ ರೈತ ಪಕ್ಕದ ಅಂಗಡಿಗೆ ಹೋಗುತ್ತಾನೆ ಸರ್. ಅವನಿಗೆ ಏನಾದರೂ ಮಾಡಲೇಬೇಕು ಅನ್ನಿಸಿರುತ್ತದೆ." ನನಗೆ ಅಪ್ಪನ ಕೈಚೀಲ ನೆನಪಾಯಿತು.

ವೈರಸ್‌ಗೆ ಮದ್ದೇ ಇಲ್ಲವೆಂದಲ್ಲ. ನಮಗೆ ಹರ್ಪಿಸ್ ಬಂದರೆ ಎಸೈಕ್ಲೋವಿರ್ ಮಾತ್ರೆ ಕೊಡುತ್ತಾರೆ. ಅದನ್ನೇ ಮೀನಿನ ಹರ್ಪಿಸ್ ವೈರಸ್‌ಗಳ ಮೇಲೆ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ. ರೈಬವಿರಿನ್ ಎಂಬ ಇನ್ನೊಂದು ಮದ್ದನ್ನೂ ಮೀನಿನ ಹಲವು ವೈರಸ್‌ಗಳ ಮೇಲೆ ನೋಡಿದ್ದಾರೆ. ಗಾಜಿನ ತಟ್ಟೆಯಲ್ಲಿ ಕೆಲಸ ಮಾಡುತ್ತವೆ. ಕೆರೆಗೆ ಬಂದರೆ ಲೆಕ್ಕವೇ ಬೇರೆ. ಆ ರಾತ್ರಿ ಮಂಚದ ಮೇಲೆ ಮಲಗಿ ಫೋನಿನ ಕ್ಯಾಲ್ಕುಲೇಟರ್ ತೆಗೆದೆ. ಒಂದು ಎಕರೆ ಕೆರೆ, ನಾಲ್ಕು ಅಡಿ ನೀರು: ಸುಮಾರು 49 ಲಕ್ಷ ಲೀಟರ್. ಲೀಟರಿಗೆ ಬರೀ 1 ಮಿಲಿಗ್ರಾಂ ಮದ್ದು ಸಾಕು ಎಂದುಕೊಂಡರೂ ಹತ್ತಿರ ಹತ್ತಿರ 5 ಕೆಜಿ ಶುದ್ಧ ಮದ್ದು ಬೇಕು. 400 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ 12 ಸಾವಿರಕ್ಕೂ ಹೆಚ್ಚು ಮಾತ್ರೆ. ಅದೂ ಒಂದು ಎಕರೆಗೆ, ಒಂದು ಡೋಸಿಗೆ. ಆಮೇಲೆ ಆ ನೀರು ಕಾಲುವೆಗೆ ಹೋಗುತ್ತದೆ.

ನೀರಿಗೆ ಬೇಡ, ಮೇವಿಗೆ ಬೆರೆಸೋಣ ಎಂದರೆ ಕಾಯಿಲೆ ಬಿದ್ದ ಸಿಗಡಿ ಮೊದಲು ಬಿಡುವುದೇ ಮೇವನ್ನು. ಮದ್ದು ಯಾರಿಗೆ ಬೇಕೋ ಅವರ ಹೊಟ್ಟೆಗೆ ಹೋಗುವುದಿಲ್ಲ. ಇನ್ನು ಮಾಂಸದಲ್ಲಿ ಮದ್ದಿನ ಅಂಶ ಉಳಿದರೆ ರಫ್ತಾದ ಕಂಟೈನರ್ ವಾಪಸ್ ಬರುತ್ತದೆ. ನಿಷೇಧಿತ ಆಂಟಿಬಯಾಟಿಕ್ ಸಿಕ್ಕಿತೆಂದು ನಮ್ಮ ಸಿಗಡಿ ಯುರೋಪಿನಿಂದ ಹಿಂದಿರುಗಿದ ಉದಾಹರಣೆಗಳಿವೆ. ವಿಪರ್ಯಾಸ ಏನೆಂದರೆ ಆಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡುವುದಿಲ್ಲ. ಅಪ್ಪ ಮೇವಿಗೆ ಕಲೆಸಿದ್ದು ಅದನ್ನೇ ಎಂದು ಈಗ ನನಗೆ ಗೊತ್ತು.

ಮದ್ದು ಬೇಡ, ಲಸಿಕೆ? ಮೀನಿಗಾದರೆ ಆಗುತ್ತದೆ. ಮೀನಿಗೂ ನಮ್ಮ ಹಾಗೆ ಪ್ರತಿಕಾಯಗಳಿವೆ, ಒಮ್ಮೆ ಕಂಡ ರೋಗಾಣುವನ್ನು ನೆನಪಿಡುತ್ತದೆ. ನಾರ್ವೆಯಲ್ಲಿ ಸಾಲ್ಮನ್ ಮರಿಗಳನ್ನು ಸಮುದ್ರಕ್ಕೆ ಬಿಡುವ ಮೊದಲು ಯಂತ್ರದಲ್ಲಿ ಒಂದೊಂದಕ್ಕೂ ಚುಚ್ಚುಮದ್ದು ಕೊಡುತ್ತಾರೆ. ನಮ್ಮಲ್ಲೂ ಚೆನ್ನೈನ ಸಿಬಾ, ಅಂದರೆ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಶೋಧನಾ ಸಂಸ್ಥೆ, ಸೀ ಬಾಸ್ ಮೀನಿನ ಮೆದುಳು ಮತ್ತು ಕಣ್ಣನ್ನು ಹಾಳುಮಾಡುವ ನೋಡಾ ವೈರಸ್‌ಗೆ ದೇಶೀ ಲಸಿಕೆ ಮಾಡಿದೆ. ಸಿಗಡಿಗೆ ಈ ದಾರಿ ಇಲ್ಲ. ಅದು ಕೀಟಗಳ ಬಂಧು, ಪ್ರತಿಕಾಯ ತಯಾರಿಸುವ ವ್ಯವಸ್ಥೆಯೇ ಅದರಲ್ಲಿಲ್ಲ. ವೈರಸ್‌ನ ಜೀನ್ ಕೆಲಸ ಮಾಡದಂತೆ ತಡೆಯುವ ಆರ್‌ಎನ್‌ಎ ತುಣುಕುಗಳನ್ನು ಚುಚ್ಚಿದರೆ ಸಿಗಡಿ ಬದುಕುತ್ತದೆ ಎಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಆದರೆ ಎಕರೆಗೆ ಲಕ್ಷಗಟ್ಟಲೆ ಸಿಗಡಿ. ಯಾರು ಚುಚ್ಚುತ್ತಾರೆ? ಮೇವಿನ ಮೂಲಕ ಕೊಡುವ ಪ್ರಯತ್ನಗಳು ನಡೆಯುತ್ತಿವೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಾಬಾಯಿಯ ಎರಡೂ ಫೋನು ಒಟ್ಟಿಗೆ ಹೊಡೆದುಕೊಂಡವು. ಕಾಲುವೆಯ ಮೇಲ್ಭಾಗದಲ್ಲಿ, ಮೂರು ಕೆರೆ ಆಚೆ, ಒಬ್ಬರ ಕೆರೆಯಲ್ಲಿ ಸಿಗಡಿ ದಂಡೆಗೆ ಬರುತ್ತಿದೆ. ಹಿಂದಿನ ಸಂಜೆ ಕೊಟ್ಟ ಮಾದರಿಯ ಪಿಸಿಆರ್ ಪಾಸಿಟಿವ್. ಚಳಿಗಾಲದಲ್ಲಿ ಇದು ಹೆಚ್ಚು. ನೀರು 32, 33 ಡಿಗ್ರಿ ಬಿಸಿಯಿದ್ದರೆ ಸೋಂಕು ತಗುಲಿದ ಸಿಗಡಿಯೂ ಬದುಕುಳಿಯುವ ಸಾಧ್ಯತೆ ಹೆಚ್ಚು ಎಂದು ಪ್ರಯೋಗಗಳು ಹೇಳುತ್ತವೆ. ಇಲ್ಲಿನ ರೈತರಿಗೆ ಅದು ಪ್ರಯೋಗವಿಲ್ಲದೆ ಗೊತ್ತು. ಆದರೆ ಕೆರೆಗೆ ಗೀಸರ್ ಹಾಕಲಿಕ್ಕೆ ಆಗುವುದಿಲ್ಲ.

ನಾವು ದೂರದಿಂದ ನೋಡಿದೆವು. ಬಾಬಾಯಿ ನಮ್ಮನ್ನು ಹತ್ತಿರ ಬಿಡಲಿಲ್ಲ. ಕೆರೆಯ ಯಜಮಾನ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅವನ ವಯಸ್ಸು ನನ್ನಷ್ಟೇ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಒಳ್ಳೆಯ ತೂಕ ಬರುತ್ತಿತ್ತಂತೆ. ಅವನ ಮುಂದೆ ಇದ್ದದ್ದು ಕೆಲವೇ ದಾರಿ. ಕಾದರೆ ಮೂರರಿಂದ ಹತ್ತು ದಿನದಲ್ಲಿ ಎಲ್ಲವೂ ಹೋಗಬಹುದು. ಈಗಲೇ ಹಿಡಿದರೆ ಚಿಕ್ಕ ಸಿಗಡಿಯ ಬೆಲೆಯಾದರೂ ಸಿಗುತ್ತದೆ. ಈ ವೈರಸ್ ಮನುಷ್ಯರಿಗೆ ತಗುಲುವುದಿಲ್ಲ, ತಿನ್ನಲು ತೊಂದರೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಲೆಯವರು ಬಂದರು, ಐಸ್ ಲಾರಿ ಬಂತು.

ನಾನು ಕಾಯುತ್ತಿದ್ದುದು ಬೇರೆಯದಕ್ಕೆ. ಹಿಡಿದ ಮೇಲೆ ನೀರೇನು ಮಾಡುತ್ತಾರೆ?

ನೀರನ್ನು ಬಿಡಲಿಲ್ಲ. ತೂಬಿಗೆ ಮಣ್ಣಿನ ಮೂಟೆ ಒತ್ತಿ ಭದ್ರ ಮಾಡಿದರು. ಚೀಲಗಟ್ಟಲೆ ಬ್ಲೀಚಿಂಗ್ ಪುಡಿ ಕಲಸಿ ಕೆರೆಗೆಲ್ಲ ಎರಚಿದರು. ಸತ್ತ ಸಿಗಡಿ ಹೊತ್ತೊಯ್ಯಲು ಕಾದಿದ್ದ ಬೆಳ್ಳಕ್ಕಿಗಳನ್ನು ಓಡಿಸಲು ಇಬ್ಬರು ಹುಡುಗರು ನಿಂತರು. ಉಳಿದ ಏಡಿ, ಸಿಗಡಿಯೆಲ್ಲ ಸತ್ತು, ಕೆಲವು ದಿನ ನೀರು ಹಾಗೇ ನಿಂತ ಮೇಲೆ ಹೊರಗೆ ಬಿಡುತ್ತಾರಂತೆ. ಅಷ್ಟರಲ್ಲಿ ಕಾಲುವೆಯ ರೈತರ ವಾಟ್ಸ್ಯಾಪ್ ಗುಂಪಿಗೆ ಆ ಯಜಮಾನನೇ ಧ್ವನಿ ಸಂದೇಶ ಕಳಿಸಿದ: ನನ್ನದಕ್ಕೆ ಬಂದಿದೆ, ಹತ್ತು ದಿನ ಯಾರೂ ಕಾಲುವೆ ನೀರು ತೆಗೆದುಕೊಳ್ಳಬೇಡಿ, ನನ್ನ ಬಲೆ ಯಾರೂ ಎರವಲು ಒಯ್ಯಬೇಡಿ. ಬಾಬಾಯಿ ಅದನ್ನು ಎರಡು ಸಲ ಕೇಳಿಸಿಕೊಂಡು ತಮ್ಮ ಪಂಪಿಗೆ ಬೀಗ ಹಾಕಿದರು.

"ಎಲ್ಲರೂ ಹೀಗೆ ಹೇಳುತ್ತಾರಾ?" ಎಂದು ಕೇಳಿದೆ.

"ಇಲ್ಲ" ಎಂದರು. "ಹೇಳಿದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ, ಸಾಲ ಕೊಟ್ಟವನು ಮನೆಗೆ ಬರುತ್ತಾನೆ. ಅದಕ್ಕೇ ಅರ್ಧ ಜನ ಈಗಲೂ ರಾತ್ರಿ ತೂಬು ತೆಗೆಯುತ್ತಾರೆ. ಎರಡು ವರ್ಷದ ಹಿಂದೆ ನನ್ನ ಕೆರೆ ಹೋದದ್ದು ಹಾಗೇ. ಯಾರು ಎಂದು ಗೊತ್ತು, ಕೇಳಲಿಲ್ಲ. ನಮ್ಮಲ್ಲಿ ಮದುವೆ ಸಂಬಂಧ ಇದೆ."

ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡಿದ್ದನ್ನು ಇಲ್ಲಿ ಬರೆಯಬೇಕು. ನಮ್ಮ ಗಜನಿಯಲ್ಲಿ ಸಿಗಡಿ ಸತ್ತ ವಾರ, ಒಂದು ರಾತ್ರಿ ಇಳಿತದ ಹೊತ್ತಿಗೆ ಅಪ್ಪ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದರು. ತೂಬಿನ ಹಲಗೆಗಳನ್ನು ಒಂದೊಂದಾಗಿ ಎತ್ತಿದರು. ಟಾರ್ಚ್ ಹಿಡಿದಿದ್ದು ನಾನು. ಕೊಳೆತ ವಾಸನೆಯ ನೀರು ಹೊಳೆಗೆ ಹೋಯಿತು. ಆ ಉಬ್ಬರದಲ್ಲೋ ಮರುದಿನದ್ದರಲ್ಲೋ ಪಕ್ಕದ ಗಜನಿಯವರು ಹೊಳೆಯ ನೀರು ತೆಗೆದುಕೊಂಡಿರಬೇಕು. ಹತ್ತು ದಿನ ಕಳೆಯುವುದರೊಳಗೆ ಅವರದ್ದೂ ಹೋಯಿತು. ಅವರ ಮಗ ನನ್ನದೇ ಕ್ಲಾಸು. ಮುಂದಿನ ವರ್ಷ ಅವನು ಶಾಲೆ ಬಿಟ್ಟು ಬೋಟಿಗೆ ಹೋದ. ಅವರಿಗೆ ರೋಗ ನಮ್ಮಿಂದಲೇ ಹೋಯಿತು ಎಂದು ಖಚಿತವಾಗಿ ಹೇಳಲಾಗದು, ಆ ವರ್ಷ ಆ ವೈರಸ್ ಕರಾವಳಿಯಲ್ಲೆಲ್ಲ ಓಡಾಡುತ್ತಿತ್ತು. ಚೀನಾ, ತೈವಾನ್ ಕಡೆ 1992ರ ಸುಮಾರಿಗೆ ಕಾಣಿಸಿಕೊಂಡದ್ದು 1994ಕ್ಕೆ ಭಾರತಕ್ಕೆ ಬಂದಿತ್ತು. ಅಪ್ಪ ಆಮೇಲೆ ಆ ರಾತ್ರಿಯ ಮಾತು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಮದ್ದು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಂಡೇ ದೊಡ್ಡವನಾದೆ.

ನಾನು ಕೆಲಸ ಮಾಡುವುದು ಕಂಪ್ಯೂಟರ್ ಸುರಕ್ಷತೆಯ ವಿಭಾಗದಲ್ಲಿ. ಆಂಟಿವೈರಸ್ ಹಾಕಿದ್ದೇವಲ್ಲ, ಇನ್ನೇನು ಭಯ ಎನ್ನುವ ಗ್ರಾಹಕರಿಗೆ ನಾವು ದಿನವೂ ಹೇಳುವುದು ಒಂದೇ: ಸಿಕ್ಕ ಪೆನ್‌ಡ್ರೈವ್ ಚುಚ್ಚಬೇಡಿ, ಸೋಂಕು ತಗುಲಿದ ಯಂತ್ರವನ್ನು ತಕ್ಷಣ ನೆಟ್‌ವರ್ಕ್‌ನಿಂದ ತೆಗೆಯಿರಿ, ಮುಚ್ಚಿಡದೆ ಎಲ್ಲರಿಗೂ ಹೇಳಿ. ಭೀಮವರಂನ ಏರಿಯ ಮೇಲೆ ನಿಂತಾಗ ಇದನ್ನು ನನಗೆ ಹೊಸದಾಗಿ ಹೇಳಿಕೊಟ್ಟ ಹಾಗಾಯಿತು.

ಸಂಜೆ ಗುನುಪೂಡಿಯ ಸೋಮೇಶ್ವರನ ಗುಡಿಗೆ ಹೋಗಿ ಬಂದೆವು. ಪಂಚಾರಾಮಗಳಲ್ಲಿ ಒಂದಾದ ಸೋಮಾರಾಮ ಇದು. ಮುಂದೆ ದೊಡ್ಡ ಪುಷ್ಕರಣಿ. ಆದರೆ ಗಮನವೆಲ್ಲ ಬೇರೆಲ್ಲೋ ಇತ್ತು. ರಾತ್ರಿ ಬಾಬಾಯಿ ಮನೆಯ ಜಗಲಿಯಿಂದ ಊರಿಗೆ ಫೋನು ಮಾಡಿದೆ. ಅಪ್ಪನಿಗೆ ಈಗ ಎಪ್ಪತ್ತೆರಡು. ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಂಡೇ ಮಾತು.

ಸಿಗಡಿ ಕೆರೆ ನೋಡಲು ಬಂದಿದ್ದೇನೆ ಎಂದೆ. ಎಕರೆಗೆ ಎಷ್ಟು ಮರಿ, ಏನು ಬೆಲೆ ಎಂದೆಲ್ಲ ಕೇಳಿದರು. ಆ ಬಿಳಿ ಚುಕ್ಕೆ ರೋಗ ಇಲ್ಲಿ ಇವತ್ತೂ ಒಬ್ಬರ ಕೆರೆಗೆ ಬಂತು, ಅದಕ್ಕೆ ಇವತ್ತಿಗೂ ಮದ್ದಿಲ್ಲವಂತೆ ಎಂದೆ.

"ಇಲ್ವಾ?" ಎಂದರು. ಒಂದಷ್ಟು ಹೊತ್ತು ಸುಮ್ಮನಿದ್ದರು. ಟಿವಿಯ ಸದ್ದು ಕೇಳುತ್ತಿತ್ತು. ಆಮೇಲೆ ಅವರಾಗಿಯೇ ಕೇಳಿದರು. "ಹಂಗಾರೆ ಆ ನೀರು ಎಲ್ಲಿ ಬಿಡ್ತ್ರು ಅವ್ರು?"

ಬಿಡುವುದಿಲ್ಲ, ತೂಬು ಬಿಗಿದು ಬ್ಲೀಚಿಂಗ್ ಪುಡಿ ಹಾಕಿ ಹಾಗೇ ನಿಲ್ಲಿಸುತ್ತಾರೆ, ಅಕ್ಕಪಕ್ಕದವರಿಗೆಲ್ಲ ಹೇಳುತ್ತಾರೆ ಎಂದೆ.

"ಬ್ಲೀಚಿಂಗ್ ಪುಡಿ ಆಗ್ಲೂ ಸಿಕ್ತಿತ್ತು" ಎಂದರು ಅಪ್ಪ. "ಬಾವಿಗೆ ಹಾಕ್ತಿದ್ರಲ." ಮತ್ತೆ ಸುಮ್ಮನಾದರು. ಆಗ ನಿಮಗೆ ಯಾರೂ ಹೇಳಿರಲಿಲ್ಲವಲ್ಲ ಎಂದೆ. "ಬಾಟ್ಲಿ ಕೊಟ್ಟವನು ಹೇಳ್ಲಿಲ್ಲ. ಆದ್ರೆ ಪಕ್ಕದವ್ರಿಗೆ ಹೇಳ್ಬೇಕು ಅಂತ ಯಾರಾದ್ರೂ ಬಂದು ಹೇಳ್ಕೊಡ್ಬೇಕಾ?" ಎಂದರು.

ನಾನು ಏನೂ ಹೇಳಲಿಲ್ಲ. ಫೆಬ್ರವರಿಯಲ್ಲಿ ಊರಿಗೆ ಬರುತ್ತೇನೆ, ಪಕ್ಕದ ಮನೆಗೆ ಒಟ್ಟಿಗೆ ಹೋಗಿ ಬರೋಣವಾ ಎಂದು ಕೇಳಿದೆ. "ಬಾ, ಹೋಪ" ಎಂದು ಫೋನನ್ನು ಆಯಿಗೆ ಕೊಟ್ಟರು. ಆಯಿ, ಆ ಕಡೆಯ ಪೂತರೇಕು ಬಹಳ ಚೆನ್ನಾಗಿರುತ್ತದಂತಲ್ಲ, ತರುತ್ತೀಯಾ ಎಂದು ಕೇಳಿದಳು.